ತಪ್ಪು ಮಾಡಲು ಕಲಿತ ಎಂಜಿನ್

2006ರ ನವೆಂಬರ್ ತಿಂಗಳು. ಜರ್ಮನಿಯ ಬಾನ್ ನಗರದಲ್ಲಿ ಆಗಿನ ಚೆಸ್ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅವರಿಗೂ ಡೀಪ್ ಫ್ರಿಟ್ಜ್ ಎಂಬ ತಂತ್ರಾಂಶಕ್ಕೂ ಆರು ಆಟಗಳ ಪಂದ್ಯ ನಡೆದಿತ್ತು. ಎರಡನೇ ಆಟದಲ್ಲಿ ಕ್ರಾಮ್ನಿಕ್ ಯಾವ ಆತಂಕವೂ ಇಲ್ಲದೆ ರಾಣಿಯನ್ನು ಸರಿಸಿದರು. ಮರುನಡೆಯಲ್ಲೇ ತಂತ್ರಾಂಶದಿಂದ ಚೆಕ್‌ಮೇಟ್! ಬಿಳಿ ಕುದುರೆ ಹಲಗೆಯ ಕೊನೆಯ ಸಾಲಿನ ಒಂದು ಮನೆಯಲ್ಲಿ ನಿಂತು ತನ್ನ ರಾಣಿಗೆ ಕಾವಲಾಗಿತ್ತು. ಕುದುರೆ ಅಲ್ಲಿ ನಿಂತು ಮೇಟ್‌ಗೆ ನೆರವಾಗುವುದು ಅಪರೂಪ, ಚಾಂಪಿಯನ್ನರ ಕಣ್ಣಿಗೂ ಅದು ಬೀಳಲಿಲ್ಲ.

ಮನುಷ್ಯರು ಹಲಗೆಯನ್ನು ಒಂದೊಂದೇ ಕಾಯಿಯಾಗಿ ನೋಡುವುದಿಲ್ಲ, ಪರಿಚಿತ ಗುಂಪುಗಳಾಗಿ ನೋಡುತ್ತಾರೆ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ನಿಜವಾದ ಆಟದ ಹಲಗೆಯನ್ನು ಐದು ಸೆಕೆಂಡು ನೋಡಿದ ಪರಿಣತರು ಬಹುಪಾಲು ಕಾಯಿಗಳನ್ನು ನೆನಪಿನಿಂದಲೇ ಮತ್ತೆ ಜೋಡಿಸಿದರು. ಕಾಯಿಗಳನ್ನು ಮನಬಂದಂತೆ ಹರಡಿಟ್ಟಾಗ ಅವರ ಆ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಹಾಗಾಗಿ ನಮ್ಮ ತಪ್ಪುಗಳಿಗೂ ಒಂದು ಜಾಡಿದೆ. ದೂರದ ಮೂಲೆಯ ಒಂಟೆ ಮರೆತುಹೋಗುತ್ತದೆ, ಹಿಂದಕ್ಕೆ ಬರುವ ಕುದುರೆ ಕಣ್ಣಿಗೆ ಬೀಳುವುದಿಲ್ಲ.

ಕಲಿಯುವವರು ತಂತ್ರಾಂಶ ಆರಿಸುವಾಗ ಈ ಜಾಡನ್ನೇ ಗಮನಿಸಬೇಕು. ಆದರೆ ಹೆಚ್ಚಿನವರು ಕೇಳುವುದು ‘ಯಾವುದು ಅತಿ ಬಲಶಾಲಿ?’ ಎಂದು. ಅದಕ್ಕೆ ಉತ್ತರ ಸುಲಭ. 2008ರಲ್ಲಿ ಹೊರಬಂದ ಸ್ಟಾಕ್‌ಫಿಶ್ ಇಂದು ಜಗತ್ತಿನ ಅತ್ಯಂತ ಬಲವಾದ ಚೆಸ್ ತಂತ್ರಾಂಶಗಳಲ್ಲಿ, ಅಂದರೆ ಎಂಜಿನ್‌ಗಳಲ್ಲಿ ಒಂದು, ಪೂರ್ತಿ ಉಚಿತ. ಯಾವ ಗ್ರ್ಯಾಂಡ್‌ಮಾಸ್ಟರ್‌ಗೂ ಅದರೆದುರು ಗೆಲುವಿನ ಆಸೆ ಇಲ್ಲ.

ಅದರ ಬಲವನ್ನು ತಗ್ಗಿಸಿ ಆಡಬಹುದು ನಿಜ. ಆದರೆ ಮಟ್ಟ ಇಳಿಸಿದ ಸ್ಟಾಕ್‌ಫಿಶ್ ಹಲವು ನಡೆಗಳನ್ನು ಲೆಕ್ಕ ಹಾಕಿ, ಒಮ್ಮೊಮ್ಮೆ ಚೀಟಿ ಎತ್ತಿದಂತೆ ಕೀಳು ನಡೆಯನ್ನು ಆಯ್ದುಕೊಳ್ಳುತ್ತದೆ. ಹತ್ತು ನಡೆ ಪಂಡಿತನಂತೆ ಆಡಿ, ಹನ್ನೊಂದನೆಯದರಲ್ಲಿ ಕಾರಣವೇ ಇಲ್ಲದೆ ಆನೆಯನ್ನು ಬಿಟ್ಟುಕೊಟ್ಟಂತೆ ಅನಿಸುತ್ತದೆ. ಇಂಥ ಎದುರಾಳಿಯ ಜೊತೆ ನೂರು ಆಟ ಆಡಿದರೂ ಮುಂದಿನ ಟೂರ್ನಿಯಲ್ಲಿ ಎದುರು ಕೂರುವ ಹುಡುಗಿ ಎಲ್ಲಿ ಎಡವುತ್ತಾಳೆ ಎಂಬ ಅಂದಾಜು ಸಿಗುವುದಿಲ್ಲ.

ಟೊರಾಂಟೊ ವಿಶ್ವವಿದ್ಯಾಲಯ, ಕಾರ್ನೆಲ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು 2020ರಲ್ಲಿ ಮುಂದಿಟ್ಟ ‘ಮಾಯಾ’ ಹಿಡಿದ ದಾರಿಯೇ ಬೇರೆ. ಅದು ಗೆಲ್ಲುವ ನಡೆಯನ್ನು ಹುಡುಕುವುದಿಲ್ಲ. ಈ ಮಟ್ಟದ ಮನುಷ್ಯ ಇಲ್ಲಿ ಏನು ಆಡುತ್ತಾನೆ ಎಂದು ಊಹಿಸುತ್ತದೆ. ಲೀಚೆಸ್ ಎಂಬ ಆನ್‌ಲೈನ್ ಚೆಸ್ ತಾಣ ತನ್ನಲ್ಲಿ ನಡೆದ ಆಟಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿರುವುದರಿಂದ ಇದು ಸಾಧ್ಯವಾಯಿತು. 1100ರಿಂದ 1900ರವರೆಗೆ ಒಂಬತ್ತು ರೇಟಿಂಗ್ ಮಟ್ಟಗಳಿಗೆ ಒಂಬತ್ತು ಮಾದರಿಗಳು. ಪ್ರತಿಯೊಂದೂ ಆಯಾ ಮಟ್ಟದವರ ಲಕ್ಷಾಂತರ ಆಟಗಳಿಂದ ಕಲಿತದ್ದು. ಮುಂದಿನ ನಡೆಗಳ ಲೆಕ್ಕಾಚಾರವನ್ನೇ ಮಾಡದ ಈ ಮಾದರಿಗಳು ಸುಮಾರು ಅರ್ಧದಷ್ಟು ಸಲ ಆಟಗಾರರ ನಡೆಯನ್ನು ಸರಿಯಾಗಿ ಊಹಿಸಿದವು. ಆ ಪರೀಕ್ಷೆಯಲ್ಲಿ, ಬಲ ತಗ್ಗಿಸಿದ ಸ್ಟಾಕ್‌ಫಿಶ್ ಹಿಂದೆ ಬಿತ್ತು. ಮಾಯಾದ ಕೆಲವು ಮಾದರಿಗಳು ಲೀಚೆಸ್‌ನಲ್ಲೇ ಉಚಿತವಾಗಿ ಆಡಲು ಸಿಗುತ್ತವೆ. ಅಭ್ಯಾಸದ ಎದುರಾಳಿಯಾಗಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಹಾಗಾದರೆ ಸ್ಟಾಕ್‌ಫಿಶ್ ಬೇಡವೇ? ಬೇಕು, ಆಟ ಮುಗಿದ ಮೇಲೆ. ಆದರೆ ಅದು ತೋರಿಸುವ ಅಂಕಿಯನ್ನು ಓದಲು ಬರಬೇಕು. +1 ಎಂದರೆ ಒಂದು ಪದಾತಿಯಷ್ಟು ಮುಂದಿದ್ದಂತೆ ಎಂಬುದು ಹಳೆಯ ಲೆಕ್ಕ. ಈಗಿನ ಸ್ಟಾಕ್‌ಫಿಶ್‌ನಲ್ಲಿ +1 ಎಂದರೆ ಎರಡೂ ಕಡೆ ಅದೇ ಎಂಜಿನ್ ಆಡಿದರೆ ಬಿಳಿ ಗೆಲ್ಲುವ ಸಾಧ್ಯತೆ ಶೇ 50. 1200 ರೇಟಿಂಗ್‌ನ ಇಬ್ಬರು ಆಡುವಾಗ +0.6 ಇದ್ದದ್ದು +0.2ಕ್ಕೆ ಇಳಿಯಿತೆಂದು ಮರುಗುವುದರಲ್ಲಿ ಅರ್ಥವಿಲ್ಲ. ಕಾಯಿ ಕಳೆದುಕೊಂಡ ಜಾಗ, ತಪ್ಪಿಹೋದ ಮೇಟ್ ಇವಷ್ಟನ್ನು ನೋಡಿದರೆ ಆ ಹಂತಕ್ಕೆ ಸಾಕು.

ದುಡ್ಡು ಕೊಟ್ಟು ಕೊಳ್ಳುವ ಚೆಸ್‌ಬೇಸ್‌ನಂಥ ಆಟಗಳ ದತ್ತಸಂಚಯ ಯಾರಿಗೆ ಎಂಬುದು ಅದರ ಹುಟ್ಟಿನ ಕಾಲದ ಕಥೆಯಿಂದಲೇ ತಿಳಿಯುತ್ತದೆ. 1985ರಲ್ಲಿ ಹ್ಯಾಂಬರ್ಗ್‌ನಲ್ಲಿ ಎಂಟು ಮಂದಿಯ ಬಲವಾದ ತಂಡದೆದುರು ಏಕಕಾಲದಲ್ಲಿ ಆಡಿದ ಗ್ಯಾರಿ ಕ್ಯಾಸ್ಪರೋವ್ ಸೋತಿದ್ದರು. 1987ರಲ್ಲಿ ಎದುರಾಳಿಗಳ ಹಳೆಯ ಆಟಗಳನ್ನು ಚೆಸ್‌ಬೇಸ್‌ನಲ್ಲಿ ತಿರುವಿಹಾಕಿ ಬಂದು 7–1ರಿಂದ ಗೆದ್ದರು. ಎದುರಾಳಿ ಯಾರೆಂದು ಮೊದಲೇ ಗೊತ್ತಿದ್ದು, ಅವರ ಆಟಗಳ ದಾಖಲೆಯೂ ಇರುವವರಿಗೆ ಅದು ಆಯುಧ. ಈಗಷ್ಟೇ ಕೋಟೆ ಕಟ್ಟಲು ಕಲಿತವರು ಆ ಹಣವನ್ನು ಉಳಿಸಿಕೊಳ್ಳಬಹುದು.

2024ರಲ್ಲಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟುವ ತನಕ ಎಂಜಿನ್ ಮುಟ್ಟಿರಲಿಲ್ಲ. ಕೋಚ್ ವಿಷ್ಣು ಪ್ರಸನ್ನ ಅವರ ನಿರ್ಧಾರ ಅದು. ಉಳಿದವರು ಅಷ್ಟು ಕಟ್ಟುನಿಟ್ಟಾಗಬೇಕಿಲ್ಲ. ಲೀಚೆಸ್‌ನ ವಿಶ್ಲೇಷಣೆಯಲ್ಲಿ ತಪ್ಪುಗಳಿಂದ ಕಲಿಯುವ ಸೌಲಭ್ಯವೊಂದಿದೆ. ಅದು ಎಡವಿದ ಜಾಗಕ್ಕೆ ಕರೆದೊಯ್ದು, ಉತ್ತರವನ್ನು ಮುಚ್ಚಿಟ್ಟು, ಇನ್ನೂ ಒಳ್ಳೆಯ ನಡೆ ಯಾವುದು ಎಂದು ಆಟಗಾರರನ್ನೇ ಕೇಳುತ್ತದೆ. ಉತ್ತರ ನೋಡುವ ಗುಂಡಿ ಪಕ್ಕದಲ್ಲೇ ಇರುತ್ತದೆ. ಅದನ್ನು ಒತ್ತುವ ಮುನ್ನ ಐದು ನಿಮಿಷ ಹಲಗೆ ನೋಡಿದರೆ ಆಯಿತು.