ಊರನ್ನು ಓದುವ ವಿದ್ಯೆ

ನಮ್ಮ ಓಣಿಯ ಹುಡುಗಿಯೊಬ್ಬಳು ಎರಡು ವರ್ಷಗಳ ಹಿಂದೆ ಪಿಯುಸಿ ಮುಗಿಸಿ, ನಗರ ಯೋಜನೆಯನ್ನೇ ಪದವಿಯ ವಿಷಯವಾಗಿ ಓದುತ್ತೇನೆಂದು ಹಟ ಹಿಡಿದಳು. ಹಾನಗಲ್ಲಿನಲ್ಲಿ ಕಾಳುಕಡಿಯ ವ್ಯಾಪಾರ ಮಾಡುವ ಆಕೆಯ ತಂದೆ ದಿಕ್ಕು ತೋಚದೆ ನನ್ನಲ್ಲಿಗೆ ಬಂದರು. “ಊರು ತಾನಽ ಬೆಳೀತದ್ರೀ ಸರ, ಅದರಾಗ ನಾಲ್ಕು ವರ್ಷ ಓದೂದೇನೈತಿ?” ಎಂಬುದು ಅವರ ಪ್ರಶ್ನೆ. ಕನ್ನಡ ಎಂ.ಎ. ಮಾಡಿ ಬಾಳೆಲ್ಲ ಪಾಠ ಹೇಳಿದ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿ ತಿಳಿದುಕೊಂಡದ್ದನ್ನೂ, ತಿಳಿಯುತ್ತ ಹೋದಂತೆ ನನ್ನನ್ನೇ ಚುಚ್ಚಿದ ಒಂದು ಸಂಗತಿಯನ್ನೂ ಇಂದು ಕೇಳುಗರ ಮುಂದಿಡುತ್ತೇನೆ.

ಕಟ್ಟಡವನ್ನು ಕಲ್ಪಿಸುವವನು ವಾಸ್ತುಶಿಲ್ಪಿ. ರಸ್ತೆಯನ್ನು ಹಾಸುವವನು ಇಂಜಿನಿಯರು. ಆ ರಸ್ತೆ ಅಲ್ಲಿಯೇ ಏಕೆ, ಅದರಿಂದ ಯಾರ ಮನೆಗೆ ನೀರು ನುಗ್ಗೀತು, ಯಾರ ಅಂಗಡಿ ಮುಚ್ಚೀತು ಎಂದು ಮೊದಲೇ ಕೇಳಬೇಕಾದವನು ಯೋಜಕ. ನಮ್ಮ ದೇಶದಲ್ಲಿ ಬಹುಕಾಲ ಈ ವಿದ್ಯೆ ಸ್ನಾತಕೋತ್ತರ ತರಗತಿಯ ಸೊತ್ತಾಗಿತ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಆ ಮಟ್ಟದ ಪಾಠ ನಡೆದುಬಂದಿದೆ. ದಿಲ್ಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಸಂಸ್ಥೆ 1989ರಲ್ಲಿ ಇದನ್ನು ಪದವಿ ತರಗತಿಗೆ ತಂದಿತು. 2008ರಲ್ಲಿ ಭೋಪಾಲ, ವಿಜಯವಾಡಗಳಲ್ಲಿಯೂ ಅಂಥ ಸಂಸ್ಥೆಗಳು ಹುಟ್ಟಿದವು. ನಾಲ್ಕು ವರ್ಷಗಳ ಓದು. ಪಿಯುಸಿಯಲ್ಲಿ ಗಣಿತವಿರಬೇಕು. ಜೆಇಇ ಮೇನ್ ಪರೀಕ್ಷೆಯಲ್ಲಿ ಇದಕ್ಕೆಂದೇ ಒಂದು ಪತ್ರಿಕೆಯಿದೆ. 2021ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಜನಗಣತಿ, ನೆಲದ ಬಳಕೆ, ಉಪಗ್ರಹ ಚಿತ್ರ, ಸಂಚಾರ, ವಸತಿ, ಕಾಯಿದೆ ಎಲ್ಲವೂ ಸ್ವಲ್ಪ ಸ್ವಲ್ಪ ಪಠ್ಯದಲ್ಲಿವೆ. ಆದರೆ ತಿರುಳಿರುವುದು ‘ಸ್ಟುಡಿಯೋ’ ಎಂದು ಅವರು ಕರೆಯುವ ಅಭ್ಯಾಸದಲ್ಲಿ. ನಿಜವಾದ ಒಂದು ಊರನ್ನು ಹಿಡಿದು, ಅದರ ಬೀದಿಗಳಲ್ಲಿ ನಡೆದು, ಎಣಿಸಿ, ಕೇಳಿ, ನಕ್ಷೆ ಬರೆಯಬೇಕು.

ನಮ್ಮ ಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಪುರವರ್ಣನೆಯೂ ಒಂದಷ್ಟೆ. ಅಗಳು, ಕೋಟೆ, ಹೆಬ್ಬಾಗಿಲು, ಅಂಗಡಿಬೀದಿ, ಉಪವನ, ತಾವರೆಗೊಳ ಇವನ್ನೆಲ್ಲ ಅಲಂಕಾರಗಳೆಂದೇ ನಾನು ಪಾಠ ಹೇಳಿದೆ. ಆ ಪುರದ ಹೊಲಸು ನೀರು ಎಲ್ಲಿಗೆ ಹರಿಯುತ್ತಿತ್ತೆಂಬುದನ್ನು ನಾನು ಓದಿಸಿದ ಯಾವ ಕವಿಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜನಗಣತಿಯವರ ಪುರಲಕ್ಷಣವೇ ಬೇರೆ: ಕನಿಷ್ಠ 5,000 ಜನ, ದುಡಿಯುವ ಗಂಡಸರಲ್ಲಿ ಶೇಕಡಾ 75 ಮಂದಿಯಾದರೂ ಬೇಸಾಯದಾಚೆಯ ಕಸುಬಿನವರು, ಚದರ ಕಿಲೋಮೀಟರಿಗೆ 400 ಜನರ ದಟ್ಟಣೆ. ಕವಿಯ ಲಕ್ಷಣದಲ್ಲಾಗಲಿ ಗಣತಿದಾರನ ಲಕ್ಷಣದಲ್ಲಾಗಲಿ ನಮ್ಮ ಊರುಗಳು ಪೂರ್ತಿ ಸಿಕ್ಕುವುದಿಲ್ಲ.

ಹಾನಗಲ್ಲು ಶಾಸನಗಳ ಪಾನುಂಗಲ್ಲು. ಕದಂಬರ ಒಂದು ಶಾಖೆಯ ರಾಜಧಾನಿ. ನೋಡಬಂದವರು ತಾರಕೇಶ್ವರನ ಗುಡಿಯ ಕಮಲದ ಭುವನೇಶ್ವರಿಯನ್ನು ನೋಡಿ ತಲೆದೂಗಿ ಮರಳುತ್ತಾರೆ. ಊರು ಬದುಕಿದ್ದು ಆನೆಕೆರೆಯಂಥ ಕೆರೆಗಳಿಂದ, ಸುತ್ತಿನ ಅನೇಕ ಕೆರೆಗಳಿಗೆ ನೀರುಣಿಸುವ ಧರ್ಮಾ ನದಿಯ ಕಾಲುವೆಯಿಂದ. ಹಿರೇಕೆರೂರಂತೂ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿದೆ. ‘ಹಿರೇ’ ಎಂಬುದು ಕೆರೆಗೆ ಸೇರಿದ್ದೋ ಊರಿಗೆ ಸೇರಿದ್ದೋ ಎಂದು ಕೇಳುವವರುಂಟು. ಅದೇ ಸೀಮೆಯಲ್ಲಿ ಚಿಕ್ಕೇರೂರೂ ಇರುವುದರಿಂದ ಊರಿಗೇ ಸೇರಿದ್ದೆಂದು ನನ್ನ ಊಹೆ. ಹೇಗಾದರೂ ಕೆರೆಯಿಲ್ಲದೆ ಆ ಹೆಸರಿಲ್ಲ. ಸವಣೂರು ನವಾಬರ ಪಟ್ಟಣ. ಕಂದಕದೊಳಗಿನ ಈ ಊರಿಗೆ ಎಂಟು ಬಾಗಿಲುಗಳಿದ್ದುವೆಂದೂ, 1868ರಿಂದ 1876ರ ನಡುವೆ ಬೀದಿಗಳನ್ನು ಅಗಲಿಸಿ ಹಳೆಯ ಹೊಂಡಬಾವಿಗಳನ್ನು ದುರಸ್ತಿ ಮಾಡಿದರೆಂದೂ ಇಂಪೀರಿಯಲ್ ಗೆಜೆಟಿಯರು ದಾಖಲಿಸಿದೆ. ಬೀದಿಯನ್ನೂ ಬಾವಿಯನ್ನೂ ಒಂದೇ ಕೆಲಸವೆಂದು ಎಣಿಸಿದವರು ಯಾರೋ, ಅವರಿಗೆ ಯೋಜನೆಯ ಪದವಿಯಿರಲಿಲ್ಲ, ವಿವೇಕವಿತ್ತು. ಶಿಗ್ಗಾಂವಿಯದು ಇನ್ನೊಂದು ಬಗೆ. ಬ್ರಿಟಿಷರ ಕಾಲದಲ್ಲಿ ತಾಲೂಕಿಗೆ ಹೆಸರು ಕೋಟೆಯ ಬಂಕಾಪುರದ್ದು, ಕಚೇರಿ ಶಿಗ್ಗಾಂವಿಯದು. ಕಚೇರಿಯೂ ಪುಣೆ-ಬೆಂಗಳೂರು ಹೆದ್ದಾರಿಯೂ ಕೂಡಿ ಬೆಳೆಸಿದ ಊರು ಅದು.

ಇಂಥ ಊರುಗಳನ್ನು ಓದುವುದು ಹೇಗೆಂದು ನಮ್ಮ ದೇಶಕ್ಕೆ ಬಂದು ತೋರಿಸಿದವರು ಸ್ಕಾಟ್ಲಂಡಿನ ಪ್ಯಾಟ್ರಿಕ್ ಗೆಡಿಸ್. ಮೂಲತಃ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. 1914ರಲ್ಲಿ ಬಂದು, ಮದ್ರಾಸು, ಮುಂಬಯಿ ಪ್ರಾಂತಗಳ ಪಟ್ಟಣಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದರು. ಆಗ ಮದ್ರಾಸಿಗೆ ಸೇರಿದ್ದ ಬಳ್ಳಾರಿಯೂ ಅವುಗಳಲ್ಲಿ ಒಂದು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪೀಠವನ್ನೇರಿದರು. ಮೊದಲು ಸಮೀಕ್ಷೆ, ಆಮೇಲೆ ಯೋಜನೆ ಎಂಬುದು ಅವರ ಪಾಠ. ಹಳೆಯ ಓಣಿಯನ್ನು ಒಡೆದು ನೇರ ರಸ್ತೆ ಎಳೆಯುವುದನ್ನು ಅವರು ಒಪ್ಪಲಿಲ್ಲ. ಮಲೇರಿಯಾದ ಭಯದಿಂದ ಊರ ಕೆರೆಗಳನ್ನು ಮುಚ್ಚುವುದನ್ನಂತೂ ಗಟ್ಟಿಯಾಗಿ ವಿರೋಧಿಸಿದರು.

ಇದನ್ನು ಓದಿದಾಗಲೇ ನನಗೆ ಚುಚ್ಚಿದ್ದು. ನಾನು ಕೆಲಸದಲ್ಲಿದ್ದ ಒಂದು ಊರಿನಲ್ಲಿ, ಹೆಸರು ಬೇಡ, ಅಂಚಿನ ಸಣ್ಣ ಕೆರೆಯೊಂದನ್ನು ಮುಚ್ಚಿ ಮೈದಾನ ಮಾಡಿದರು. ಸಮಾರಂಭದ ಸ್ವಾಗತ ಭಾಷಣ ನನ್ನದು. ಸೊಳ್ಳೆಯ ಗುಂಡಿ ಹೋಗಿ ಯುವಕರ ಅಂಗಳ ಬಂತೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಮೂರನೆಯ ಮಳೆಗಾಲದ ಒಂದು ರಾತ್ರಿ ಇಳುಕಲಿನ ಕೇರಿಯ ಮನೆಗಳಿಗೆಲ್ಲ ನೀರು ನುಗ್ಗಿತು. ಮರುದಿನ ನನ್ನ ತರಗತಿಯ ಹುಡುಗನೊಬ್ಬ ನೆನೆದು ಉಬ್ಬಿದ ಪಠ್ಯಪುಸ್ತಕವನ್ನು ಮೇಜಿನ ಮೇಲಿಟ್ಟು, ಗ್ರಂಥಾಲಯದಲ್ಲಿ ಬೇರೆ ಪ್ರತಿ ಸಿಕ್ಕೀತೇ ಎಂದು ಕೇಳಿದ. ಬೇರೇನೂ ಹೇಳಲಿಲ್ಲ. ಮಳೆ ಹೆಚ್ಚಾಯಿತೆಂದೇ ಎಲ್ಲರೂ ಅಂದರು, ನಾನೂ ಅಂದೆ.

ಹುಡುಗಿಯ ತಂದೆಗೆ ಇದನ್ನೆಲ್ಲ ಹೇಳಿದೆ. ಅವರು ಸಾವಧಾನವಾಗಿ ಕೇಳಿ, “ನೌಕರಿ?” ಎಂದರು. ನ್ಯಾಯವಾದ ಪ್ರಶ್ನೆ. 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿಯ ಪ್ರಕಾರ ದೇಶದ 7,933 ಪಟ್ಟಣ ನಗರಗಳಿಗೆ ರಾಜ್ಯಗಳ ಯೋಜನಾ ಇಲಾಖೆಗಳಲ್ಲಿ ಮಂಜೂರಾದ ಯೋಜಕರ ಹುದ್ದೆಗಳು 4,000ಕ್ಕೂ ಕಡಿಮೆ. ಅವುಗಳಲ್ಲಿಯೂ ಶೇಕಡಾ 42 ಖಾಲಿ. ಕಾಯಿದೆಬದ್ಧ ಪಟ್ಟಣಗಳಲ್ಲಿಯೇ ಅರ್ಧಕ್ಕೂ ಹೆಚ್ಚಿನವಕ್ಕೆ ಮಹಾಯೋಜನೆಯಿಲ್ಲ. ಕೆಲಸವಂತೂ ಬಿದ್ದಿದೆ, ಖಾಲಿ ಹುದ್ದೆ ತುಂಬೀತೆಂಬ ಭರವಸೆಯನ್ನು ಮಾತ್ರ ನಾನು ಅವರಿಗೆ ಕೊಡಲಾರದಾದೆ. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, ಯೋಜನೆಯ ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕೆನ್ನುತ್ತದೆ. ಆದರೆ ಆ ನಕ್ಷೆಯ ಹಳದಿ, ಕೆಂಪು, ನೇರಿಳೆ ಬಣ್ಣಗಳನ್ನು ಸಂತೆಯ ವ್ಯಾಪಾರಿಗೆ ಅವನ ಮಾತಿನಲ್ಲಿ ಬಿಡಿಸಿ ಹೇಳುವವರು ಬೇಕು. ಈ ಶಾಸ್ತ್ರದ ಪರಿಭಾಷೆಯೆಲ್ಲ ಇಂಗ್ಲಿಷಿನದೆಂಬ ನನ್ನ ಆಕ್ಷೇಪಣೆ ಇದ್ದೇ ಇದೆ. ಅಚ್ಚುಕಟ್ಟು, ಕೋಡಿ, ತೂಬು, ಹಿತ್ತಲು, ಗಾಂವಠಾಣ, ಪೇಟೆ ಎಂಬ ಮಾತುಗಳು ಆ ಪಠ್ಯದೊಳಕ್ಕೆ ಹೋದರೆ ಶಾಸ್ತ್ರಕ್ಕೇ ಲಾಭ.

ಹುಡುಗಿ ಓದಲು ಹೋದಳು. ಈ ಸಲ ದಸರೆಯ ರಜೆಗೆ ಬಂದವಳು ದೊಡ್ಡ ಹಾಳೆಯೊಂದನ್ನು ನನ್ನ ಜಗಲಿಯ ಮೇಲೆ ಹಾಸಿದಳು. ಊರಿನ ಇಳುಕಲುಗಳನ್ನೆಲ್ಲ ನೀಲಿ ಗೆರೆಯಲ್ಲಿ ಗುರುತಿಸಿದ್ದಳು. ಒಂದು ಗೆರೆ ನಮ್ಮ ಓಣಿಯ ಹಿಂದೆ ಬಂದು ತಟ್ಟನೆ ನಿಂತಿತ್ತು. “ಇಲ್ಲಿಂದ ಕಾಲುವೆ ಎತ್ತ ಹೋಗಿತ್ತು, ಅಜ್ಜಾ?” ಎಂದು ಕೇಳಿದಳು. ನಾನು ಚಿಕ್ಕಂದಿನಲ್ಲಿ ಕಾಗದದ ದೋಣಿ ಬಿಟ್ಟ ಜಾಗವೊಂದನ್ನು ತೋರಿಸಬಲ್ಲವನಾಗಿದ್ದೆ. ಅದರ ಮುಂದಿನದನ್ನು ಮೇಲಿನ ಓಣಿಯ ಮುದುಕಿ ಬಲ್ಲಳೆಂದು ಹೇಳಿದೆ. ಹಾಳೆಯನ್ನು ಸುತ್ತಿಕೊಂಡು ಇಬ್ಬರೂ ಅತ್ತ ಹೊರಟೆವು.