ಕಾರ್ನಿಯಾ ಕಸಿ: ಪೂರ್ತಿ ಪ್ರಜ್ಞೆ ತಪ್ಪಿಸಬೇಕಾ, ಕಣ್ಣಿಗೆ ಮಾತ್ರ ಅರಿವಳಿಕೆ ಸಾಕಾ?

ಕಾರ್ನಿಯಾ ಕಸಿಗೆ ದಿನ ಗೊತ್ತಾದರೆ ರೋಗಿಯ ಮನೆಯವರಲ್ಲಿ ಮೂಡುವ ಪ್ರಶ್ನೆ: ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರಾ? ಅಹಮದಾಬಾದ್‌ನ ಸರ್ಕಾರಿ ಎಂ ಅಂಡ್ ಜೆ ಕಣ್ಣಿನ ಆಸ್ಪತ್ರೆಗೆ ಹೋಗಲಿ, ವಡೋದರಾ ಅಥವಾ ಸೂರತ್‌ನ ಆಸ್ಪತ್ರೆಗೆ ಹೋಗಲಿ, ಎಲ್ಲರಿಗೂ ಒಂದೇ ಉತ್ತರ ಸಿಗುವುದಿಲ್ಲ. ಯಾಕೆ ಎನ್ನುವ ಮಾಹಿತಿ ಇಲ್ಲಿದೆ.

ಅಲುಗಾಡದಿರುವುದೇ ಮುಖ್ಯ

ಪೂರ್ಣ ದಪ್ಪದ ಕಸಿಯಲ್ಲಿ ಹಾಳಾದ ಕಾರ್ನಿಯಾವನ್ನು ವೃತ್ತಾಕಾರವಾಗಿ ಕತ್ತರಿಸಿ ತೆಗೆಯುತ್ತಾರೆ. ದಾನಿಯ ಕಾರ್ನಿಯಾ ಕೂರಿಸಿ ಹೊಲಿಗೆ ಹಾಕುವವರೆಗೆ ಕಣ್ಣು ತೆರೆದೇ ಇರುತ್ತದೆ. ಆಗ ರೋಗಿ ಕೆಮ್ಮಿದರೆ ಅಥವಾ ಮುಕ್ಕಿರಿದರೆ ಒಳಗಿನ ಒತ್ತಡ ಏರುತ್ತದೆ. ಅಪರೂಪಕ್ಕೆ ಕಣ್ಣಿನೊಳಗೆ ರಕ್ತಸ್ರಾವವಾಗಿ ದೃಷ್ಟಿಯೇ ಹೋಗಬಹುದು.

ಸ್ಥಳೀಯ ಅರಿವಳಿಕೆ ಯಾರಿಗೆ?

ಒಂದು ಗಂಟೆಗೂ ಹೆಚ್ಚು ಕಾಲ ಅಂಗಾತ, ಅಲುಗಾಡದೆ ಮಲಗಬಲ್ಲ ವಯಸ್ಕರಿಗೆ ಇದು ಸೂಕ್ತ. ಕಣ್ಣುಗುಡ್ಡೆಯ ಸುತ್ತ ಲಿಗ್ನೊಕೇನ್, ಬುಪಿವಕೇನ್‌ನಂಥ ಔಷಧದ ಇಂಜೆಕ್ಷನ್ ಕೊಡುತ್ತಾರೆ. ರೋಗಿಗೆ ಎಚ್ಚರವಿರುತ್ತದೆ, ಆದರೆ ನೋವು ತಿಳಿಯುವುದಿಲ್ಲ. ಹೃದಯ, ಶ್ವಾಸಕೋಶದ ಕಾಯಿಲೆ ಇರುವ ಹಿರಿಯರಿಗೆ ಸಾಮಾನ್ಯವಾಗಿ ಇದೇ ಹೆಚ್ಚು ಸುರಕ್ಷಿತ.

ಪೂರ್ಣ ಅರಿವಳಿಕೆ ಯಾರಿಗೆ?

ಮಕ್ಕಳಿಗೆ ಇದು ಅನಿವಾರ್ಯ. ವಿಪರೀತ ಭಯ, ನಡುಕ, ಬಿಡದ ಕೆಮ್ಮು ಇರುವವರಿಗೆ, ಸೂಚನೆ ಪಾಲಿಸಲು ಆಗದವರಿಗೆ, ಕಾರ್ನಿಯಾ ತೂತಾಗಿರುವವರಿಗೂ ವೈದ್ಯರು ಇದನ್ನೇ ಆರಿಸಬಹುದು.

ಕಸಿಯ ವಿಧವೂ ಲೆಕ್ಕಕ್ಕೆ

2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬೇರ್ಪಡಿಸಿ, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ಕಸಿ ಮಾಡಲಾಗಿತ್ತು. ಇಂಥ ಪದರ ಕಸಿಗಳಲ್ಲಿ ಒಳಪದರವನ್ನಷ್ಟೇ ಬದಲಿಸುವಾಗ ಸಣ್ಣ ಗಾಯ ಸಾಕು. ಕಣ್ಣು ಪೂರ್ತಿ ತೆರೆಯದ ಕಾರಣ ಹೆಚ್ಚಿನವರಿಗೆ ಸ್ಥಳೀಯ ಅರಿವಳಿಕೆ ಸಾಕಾಗುತ್ತದೆ. ಹೊಸ ಪದರ ಅಂಟಿಕೊಳ್ಳಲು ಕಣ್ಣೊಳಗೆ ಗಾಳಿಗುಳ್ಳೆ ಬಿಡುವುದರಿಂದ, ಆಪರೇಷನ್ ನಂತರವೂ ಮುಖ ಮೇಲೆ ಮಾಡಿ ಮಲಗಬೇಕು.

ಕರೆ ಬರುವ ಮೊದಲೇ ತಯಾರಾಗಿ

ದಾನಿಯ ಕಾರ್ನಿಯಾವನ್ನು ಹೆಚ್ಚು ದಿನ ಇಡಲಾಗದು. ಹಾಗಾಗಿ ಆಸ್ಪತ್ರೆಯ ಕರೆ ದಿಢೀರ್ ಬರಬಹುದು. ರಕ್ತ ಪರೀಕ್ಷೆ, ಇಸಿಜಿ, ಬಿಪಿ, ಶುಗರ್ ತಪಾಸಣೆಯನ್ನು ಮೊದಲೇ ಮುಗಿಸಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ, ಅಲರ್ಜಿ, ಆಸ್ತಮಾ, ಮಲಗಿದಾಗ ಉಸಿರು ಕಟ್ಟುವ ತೊಂದರೆ ಇದ್ದರೆ ಮುಚ್ಚಿಡಬೇಡಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಪೂರ್ಣ ಅರಿವಳಿಕೆಗೆ ಸಾಮಾನ್ಯವಾಗಿ 6 ಗಂಟೆ ಮೊದಲೇ ಊಟ, 2 ಗಂಟೆ ಮೊದಲೇ ನೀರು ನಿಲ್ಲಿಸಬೇಕಾಗುತ್ತದೆ. ಕರೆ ಬಂದ ತಕ್ಷಣ ಕೇಳಬೇಕಾದ ಮೊದಲ ಮಾತು ಇದೇ: ಈಗ ಏನಾದರೂ ತಿನ್ನಬಹುದಾ?