ಜೆಸಿಬಿ ಕರೆಸೋ ಮುಂಚೆ ಆ ಕುರುಚಲನ್ನ ಒಂದ್ಸಲ ನೋಡಿ

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಾನು ಒಂದು ತಪ್ಪು ಮಾಡಿದೆ. ಹಿರಿಯೂರು ಕಡೆ ನಮ್ಮದು ಮಳೆ ನಂಬಿದ ಜಮೀನು. ಕೆಳಗೆ ಮೂರು ಎಕರೆ ಕೆಂಪು ಮಣ್ಣು, ಅಲ್ಲಿ ತೊಗರಿ, ರಾಗಿ, ಬೋರ್ ನೀರಿರೋ ಮೂಲೆಯಲ್ಲಿ ಬದನೆ. ಅದರ ಮೇಲೆ ಇಳಿಜಾರಿನಲ್ಲಿ ಎರಡು ಎಕರೆ ಗರಸು ನೆಲ, ತುಂಬಾ ಬಂದ್ರೆ, ತಂಗಡಿ, ಕಾರೆ, ಎಲಚಿ, ಕವಳೆ. ಅಪ್ಪ ಅದಕ್ಕೆ ಯಾವತ್ತೂ ನೇಗಿಲು ಹಾಕಿರಲಿಲ್ಲ. ನನಗೆ ಅದು ಸುಮ್ಮನೆ ಬಿದ್ದಿರೋ ಜಾಗ ಅನ್ನಿಸ್ತು. ಜೆಸಿಬಿ ಕರೆಸಿ ಒಂದು ಎಕರೆ ಬೋಳು ಮಾಡಿಸಿದೆ. ಇನ್ನೊಂದು ಎಕರೆ ಉಳಿದಿದ್ದು ಬುದ್ಧಿಯಿಂದ ಅಲ್ಲ, ದುಡ್ಡು ಖಾಲಿಯಾಗಿ.

ಮೊದಲ ಜೋರು ಮಳೆಗೇ ಮೇಲಿನ ಮಣ್ಣು ಕೆಳಗಿಳಿದು ಬಂತು. ಬದು ಒಡೆದು ಕೃಷಿ ಹೊಂಡಕ್ಕೆ ಮೊಣಕಾಲುದ್ದ ಹೂಳು. ಬಿತ್ತಿದ ಶೇಂಗಾ, ಬಿತ್ತನೆ ಬೀಜದಷ್ಟೂ ವಾಪಸ್ ಬರಲಿಲ್ಲ. ಮರುವರ್ಷ ಆ ಬೋಳು ನೆಲದಲ್ಲಿ ಎದ್ದಿದ್ದು ಬಳ್ಳಾರಿ ಜಾಲಿ.

ಯಾಕೆ ಹೀಗಾಯ್ತು ಅಂತ ಉಳಿದ ಎಕರೆಯಲ್ಲಿ ಓಡಾಡಿದಾಗ ಗೊತ್ತಾಯ್ತು. ನಮ್ಮ ಕಡೆ ಮಳೆ ಕಡಿಮೆ, ಬಂದರೆ ಒಂದೇ ದಿನ ಸುರಿದು ಹೋಗುತ್ತೆ. ಇಂಥಾ ತೆಳು ಗರಸಿನಲ್ಲಿ ದೊಡ್ಡ ಮರ ಎದ್ದು ನಿಲ್ಲೋದು ಕಷ್ಟ, ಪೊದೆಗೆ ಅದೇ ಅನುಕೂಲ. ಬಂದ್ರೆ ಎಲೆ ಮುಟ್ಟಿ ನೋಡಿ, ಅಂಟಂಟು. ಆ ಅಂಟಿನ ಲೇಪ ನೀರು ಹಾರಿಹೋಗದಂತೆ ತಡೆಯುತ್ತೆ. ಮೇಕೆಗೂ ಅದು ಅಷ್ಟಾಗಿ ಸೇರಲ್ಲ. ಬೇರು ಮಾತ್ರ ಕಲ್ಲಿನ ಸಂದಿಗೆ ಇಳಿದು ಮಣ್ಣನ್ನ ಹಿಡ್ಕೊಂಡಿರುತ್ತೆ. ನಾನು ಕಿತ್ತು ಎಸೆದಿದ್ದು ಅದನ್ನೇ.

ಒಂದು ಕಾರೆ ಪೊದೆ ಒಳಗೆ ಬಗ್ಗಿ ನೋಡಿದೆ. ಮೊಣಕೈ ಎತ್ತರದ ಬೇವಿನ ಸಸಿ. ಯಾರೂ ನೆಟ್ಟಿದ್ದಲ್ಲ, ಹಕ್ಕಿ ಬಂದು ಕೂತು ಬೀಜ ಉದುರಿಸಿದೆ, ಮುಳ್ಳಿದೆ ಅಂತ ಮೇಕೆ ಬಾಯಿ ಹಾಕಿಲ್ಲ. ಅಲ್ಲಿನ ಮಣ್ಣು ಕೈಯಲ್ಲಿ ಹಿಡಿದ್ರೆ ಕಪ್ಪಗೆ, ಮೆತ್ತಗೆ, ಉದುರಿದ ಎಲೆಯೆಲ್ಲಾ ಅಲ್ಲೇ ಕೊಳೆತಿದೆ. ಒಂದು ಗಜ ಆಚೆ ಬರೀ ಗರಸು. ಪೊದೆ ಅನ್ನೋದು ಹೀಗೆ ತನ್ನ ಬುಡದಲ್ಲಿ ಒಂದು ಚಿಕ್ಕ ನರ್ಸರಿ ಇಟ್ಕೊಂಡಿರುತ್ತೆ.

ನನಗೆ ಹೆಚ್ಚು ಆಶ್ಚರ್ಯ ತಂದಿದ್ದು ತಂಗಡಿ ಹೂವು. ಬೆಳಿಗ್ಗೆ ಬಿಸಿಲೇರೋ ಹೊತ್ತಿಗೆ ಹತ್ತಿರ ನಿಂತು ಕಿವಿಗೊಡಿ. ಕಪ್ಪು ದಪ್ಪ ದುಂಬಿ ಹೂವನ್ನ ತಬ್ಬಿಕೊಂಡು 'ಜುಂಯ್' ಅಂತ ಅಲುಗಾಡಿಸುತ್ತೆ. ತಂಗಡಿಯ ಪರಾಗಕೋಶಕ್ಕೆ ತುದಿಯಲ್ಲಿ ಮಾತ್ರ ಸಣ್ಣ ತೂತು, ಉಪ್ಪಿನ ಡಬ್ಬಿ ಥರ. ಅದುರಿಸಿದರೇ ಪುಡಿ ಉದುರೋದು. ಬದನೆ, ಟೊಮೆಟೊ ಹೂವಿನ ಕಥೆಯೂ ಇದೇ. ಜೇನುಹುಳಕ್ಕೆ ಈ ಅದುರಿಸೋ ವಿದ್ಯೆ ಬರಲ್ಲ, ಈ ದುಂಬಿಗೆ ಮತ್ತು ಕೆಲವು ಕಾಡುಜೇನ್ನೊಣಗಳಿಗೆ ಬರುತ್ತೆ. ಅದೇ ದುಂಬಿ ತೊಗರಿ ಹೂವಿಗೂ ಬರುತ್ತೆ. ಅಂದ್ರೆ ನನ್ನ ಕೆಳಗಿನ ಹೊಲದ ಕೆಲಸದಾಳು ಮೇಲಿನ ಕುರುಚಲಲ್ಲಿ ವಾಸ ಇದ್ದಾನೆ! ಅದು ಗೂಡು ಕೊರೆಯೋದು ಒಣಮರದಲ್ಲಿ. ಹಾಗಾಗಿ ಒಣಗಿದ ರೆಂಬೆಯನ್ನೆಲ್ಲಾ ಸೌದೆಗೆ ಅಂತ ಬಳಿದುಕೊಂಡು ಬರಬೇಡಿ, ನಾಲ್ಕು ಬಿಡಿ.

ಇಷ್ಟೆಲ್ಲಾ ಇದ್ರೂ ಪಹಣಿಯಲ್ಲಿ ಇಂಥಾ ನೆಲಕ್ಕೆ ಎಷ್ಟೋ ಕಡೆ 'ಖರಾಬು' ಅಂತಲೇ ಬರೆದಿರ್ತಾರೆ. ದೇಶದ ಪಾಳುಭೂಮಿ ನಕಾಶೆಯಲ್ಲೂ ಕುರುಚಲು ಒಂದು ವರ್ಗ. ಅದೇ 'ಪಾಳು' ನೆಲದಲ್ಲಿ ದರೋಜಿಯ ಕರಡಿ, ಮಧುಗಿರಿ ಕಡೆ ಜಯಮಂಗಲಿಯ ಕೃಷ್ಣಮೃಗ, ಗಂಗಾವತಿ ಹತ್ತಿರ ಬಂಕಾಪುರದ ತೋಳ ಬದುಕಿವೆ. ನಮ್ಮೂರಿಗೆ ಮಂದೆ ತರೋ ಕುರಿಗಾಹಿ ಅಜ್ಜ ನನ್ನ ಬೋಳು ಎಕರೆ ನೋಡಿ ಅಂದಿದ್ದು ಇಷ್ಟೇ: "ಏನಪ್ಪಾ, ಕುರಿ ಎಲ್ಲಿ ಮೇಯಿಸ್ಲಿ? ಮೇವು ತೆಗ್ದು ಗೊಬ್ಬರ ಕೇಳಿದ್ರೆ ಹೆಂಗೆ?" ಹಗಲು ಕುರುಚಲಲ್ಲಿ ಮೇದ ಕುರಿ ರಾತ್ರಿ ನಮ್ಮ ಹೊಲದಲ್ಲಿ ಮಲಗುತ್ತೆ, ಹಿಕ್ಕೆ ನಮಗೆ. ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ಹಾಗಂತ ಇರೋದೆಲ್ಲಾ ಒಳ್ಳೇದು ಅಂತಲ್ಲ. ಬಳ್ಳಾರಿ ಜಾಲಿ, ಲಂಟಾನ ಎರಡೂ ಅಮೆರಿಕ ಖಂಡದ ಕಡೆಯಿಂದ ಬಂದವು. ದಟ್ಟವಾಗಿ ಬೆಳೆದು ಕಾಡುಹಂದಿಗೆ ಮರೆ ಕೊಡುತ್ತವೆ. ಲಂಟಾನ ಸೊಪ್ಪು ದನಕ್ಕೆ ವಿಷ. ಇವನ್ನ ತೆಗೀಲೇಬೇಕು, ಆದರೆ ಮೇಲೆ ಮೇಲೆ ಕಡಿದ್ರೆ ದುಪ್ಪಟ್ಟು ಚಿಗುರುತ್ತೆ. ಲಂಟಾನದ ತಾಯಿಬೇರನ್ನ ನೆಲದಿಂದ ಸ್ವಲ್ಪ ಕೆಳಗೆ, ಚಿಗುರೊಡೆಯೋ ಗಂಟಿನ ಅಡಿಯಲ್ಲಿ ಕತ್ತರಿಸಿ, ಗಿಡವನ್ನ ತಲೆಕೆಳಗು ಮಾಡಿ ಒಣಗಲು ಬಿಡಿ. ಬಳ್ಳಾರಿ ಜಾಲಿಯ ಬುಡದ ಗಂಟು ಪೂರ್ತಿ ಬರಬೇಕು, ಅದೂ ಕಾಯಿ ಬಲಿಯೋ ಮುಂಚೆ. ಕಾಯಿ ತಿಂದ ಕುರಿಯ ಹಿಕ್ಕೆಯಲ್ಲಿ ಬೀಜ ಗಟ್ಟಿಯಾಗೇ ಹೊರಬಂದು ಮೊಳೆಯುತ್ತೆ. ಯಾವುದು ನಮ್ಮ ಗಿಡ, ಯಾವುದು ಹೊರಗಿನದು ಅಂತ ಗೊತ್ತಾಗದಿದ್ರೆ ಹೂವು, ಎಲೆ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ. ಅದಕ್ಕಿಂತ ಮುಂಚೆ ಊರಿನ ಕುರಿಗಾಹಿಯನ್ನ ಕೇಳಿ, ಬೇಗ ಆಗುತ್ತೆ.

ಬೋಳು ಎಕರೆಗೆ ಈಗ ಏನು ಮಾಡ್ತಿದ್ದೀನಿ? ಇಳಿಜಾರಿಗೆ ಅಡ್ಡಲಾಗಿ ಕಲ್ಲು ಜೋಡಿಸಿ, ಕಡಿದ ಜಾಲಿ ಮುಳ್ಳನ್ನ ಸಾಲಾಗಿ ಹಾಸಿದ್ದೀನಿ. ತಂಗಡಿ, ಬಂದ್ರೆ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ಬಿಸಿನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟು, ಮುಂಗಾರಿನ ಹದಕ್ಕೆ ಆ ಮುಳ್ಳಿನ ಸಾಲಿನ ಕೆಳಗೇ ಬಿತ್ತಿದೆ. ಕಳೆದ ಭಾನುವಾರ ಹೋಗಿ ಎಣಿಸಿದೆ: ತಂಗಡಿ ನಲವತ್ತಕ್ಕೂ ಹೆಚ್ಚು, ಬಂದ್ರೆ ಹನ್ನೊಂದು. ಹೊಂಡದ ಹೂಳು ಮಾತ್ರ ಇನ್ನೂ ಅರ್ಧ ಹಾಗೇ ಇದೆ, ಬೇಸಿಗೇಲಿ ಎತ್ತಿಸಬೇಕು.